ಒಣಹೊಳೆಯಲ್ಲಿ ಹೊತ್ತಿದ ಬೆಂಕಿ

ಕೈಯಲ್ಲಿ ಕಾಸಿಲ್ಲ, ಪ್ರಯೋಗಕ್ಕೆ ಜಾಗವಿಲ್ಲ, ಬೆನ್ನಿಗಿದ್ದದ್ದು ಒಬ್ಬ ಮೇಷ್ಟ್ರು. 90 ವರ್ಷಗಳ ಹಿಂದೆ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳ ಗುಂಪೊಂದು ದ್ರವ ಇಂಧನದ ರಾಕೆಟ್ ಎಂಜಿನ್ ಕಟ್ಟಿ, ಒಣಗಿದ ಹೊಳೆಯಲ್ಲಿ ಅದಕ್ಕೆ ಬೆಂಕಿ ಹಚ್ಚಿತು. ಅಲ್ಲಿಂದ ಹೊರಟ ದಾರಿ ಚಂದ್ರ, ಮಂಗಳಗಳಿಗೆ ಹೋಯಿತು. ಅದರದೊಂದು ಕವಲು ನಮ್ಮ ಬೆಂಗಳೂರಿಗೂ ಬಂತು.

1936ರ ಅಕ್ಟೋಬರ್ 31, ಶನಿವಾರ. ಪಸಡೀನಾ ಪಟ್ಟಣದ ಅಂಚಿನಲ್ಲಿ ಅರೊಯೊ ಸೆಕೊ ಎಂಬ ಒಣಹೊಳೆ. ಕೆಲವು ಹುಡುಗರು ಬೆಳಿಗ್ಗೆಯಿಂದ ಅಲ್ಲಿ ಗುಂಡಿ ತೋಡುತ್ತಿದ್ದಾರೆ, ಚೀಲಗಳಿಗೆ ಮರಳು ತುಂಬುತ್ತಿದ್ದಾರೆ. ಹಿಂದಿನ ದಿನವೆಲ್ಲ ಲಾಸ್ ಏಂಜಲೀಸ್‌ಗೆ ಓಡಾಡಿ ಸಿಲಿಂಡರು, ಪೈಪು, ಮೀಟರು ಹೊಂದಿಸಿಕೊಂಡು ಬಂದವರು. ಬೆಳಗಿನ ಜಾವ ಮೂರೂವರೆಯವರೆಗೆ ಜೋಡಣೆಯಲ್ಲೇ ಮುಳುಗಿದ್ದು, ಮೂರು ಗಂಟೆ ನಿದ್ದೆ ಮಾಡಿ ಎದ್ದವರು. ಒಂಬತ್ತು ಗಂಟೆಗೆ ಕಾಲೇಜಿನ ಲಾರಿ ಭಾರದ ಸಾಮಾನುಗಳನ್ನು ಇಳಿಸಿಹೋಗಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಎಲ್ಲ ಸಜ್ಜಾಯಿತು. ಒಂದು ಕಡೆಯಿಂದ ಮಿಥೈಲ್ ಆಲ್ಕೊಹಾಲ್, ಇನ್ನೊಂದು ಕಡೆಯಿಂದ ಆಮ್ಲಜನಕ. ನಡುವೆ ನೀರಿನಿಂದ ತಂಪಾಗುವ ಪುಟ್ಟ ಎಂಜಿನ್. ಅದು ಎಷ್ಟು ಬಲದಿಂದ ನೂಕುತ್ತದೆ ಎಂದು ಅಳೆಯಲು ಒಂದು ಸ್ಪ್ರಿಂಗು. ಸ್ಪ್ರಿಂಗು ಕದಲಿದರೆ ವಜ್ರದ ಮೊನೆಯೊಂದು ಗಾಜಿನ ಮೇಲೆ ಗೀರು ಹಾಕುವ ಏರ್ಪಾಟು.

ನಾಲ್ಕು ಸಲ ಪ್ರಯತ್ನಿಸಿದರು. ನಾಲ್ಕನೆಯ ಸಲ ಆಮ್ಲಜನಕದ ಕೊಳವೆಗೇ ಬೆಂಕಿ ಹತ್ತಿಕೊಂಡಿತು. 40 ಅಡಿ ದೂರದಲ್ಲಿ ಅದು ಬೆಂಕಿ ಉಗುಳುತ್ತ ನೆಲದ ಮೇಲೆ ಅತ್ತಿಂದಿತ್ತ ಬಡಿದಾಡತೊಡಗಿತು. ಬೆಂಕಿ ಸಿಲಿಂಡರಿನೊಳಕ್ಕೆ ನುಗ್ಗದಂತೆ ತಡೆಯುವ ಕವಾಟ ಕೈಕೊಟ್ಟರೆ ಮುಗಿಯಿತು. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಚಿತ್ರೀಕರಣಕ್ಕೆ ಬಂದಿದ್ದ ಇಬ್ಬರು ಗೆಳೆಯರು ಆಗಷ್ಟೇ ಹೊರಟುಹೋಗಿದ್ದರಿಂದ ಆ ಗಳಿಗೆಯ ಚಿತ್ರವೂ ದಕ್ಕಲಿಲ್ಲ.

ಮರುದಿನ ತಂಡದ ನಾಯಕ ಫ್ರಾಂಕ್ ಮಲೈನಾ ಮನೆಗೆ ಕಾಗದ ಬರೆದ. ಒಟ್ಟಾರೆ ನೋಡಿದರೆ ಪರೀಕ್ಷೆ ಯಶಸ್ವಿಯಾಯಿತು ಎಂದು ತಿಳಿಸಿದ. ಮುಂದಿನ ಸಲ ಏನೇನು ಮಾಡಬೇಕೆಂಬುದು ಅವನಿಗೆ ಆ ಒಂದೇ ದಿನದಲ್ಲಿ ಗೊತ್ತಾಗಿತ್ತು.

ನಾಸಾದ ಜೆಪಿಎಲ್, ಅಂದರೆ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ, ತನ್ನ ಹುಟ್ಟುಹಬ್ಬವನ್ನು ಲೆಕ್ಕ ಹಿಡಿಯುವುದು ಆ ಶನಿವಾರದಿಂದ. ವೊಯೇಜರ್ ನೌಕೆಗಳನ್ನೂ ಮಂಗಳನ ರೋವರ್‌ಗಳನ್ನೂ ಕಟ್ಟಿದ ಸಂಸ್ಥೆ ಅದು. ಇದೇ 2026ಕ್ಕೆ ಆ ದಿನಕ್ಕೆ 90 ತುಂಬುತ್ತದೆ. ಜಗತ್ತಿನ ಮೊದಲ ದ್ರವ ಇಂಧನ ರಾಕೆಟ್ ಹಾರಿ 100 ವರ್ಷವಾಗಿರುವುದೂ ಇದೇ ವರ್ಷ.

ಯಾರಿವರು?

ಮಲೈನಾ ಟೆಕ್ಸಾಸ್‌ನ ಸಣ್ಣ ಊರಿನಿಂದ ಬಂದ ಹುಡುಗ. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ, ಎಲ್ಲರ ಬಾಯಲ್ಲಿ ಕ್ಯಾಲ್‌ಟೆಕ್, ವಿಮಾನ ವಿಜ್ಞಾನ ಓದುತ್ತಿದ್ದ. 1935ರಲ್ಲಿ ಸಹಪಾಠಿ ವಿಲಿಯಂ ಬೊಲೆ ಅಲ್ಲಿ ರಾಕೆಟ್ ವಿಮಾನಗಳ ಬಗ್ಗೆ ಒಂದು ಉಪನ್ಯಾಸ ಕೊಟ್ಟ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಇಬ್ಬರು ಹುಡುಗರು ಕಾಲೇಜಿನ ಬಾಗಿಲಿಗೆ ಬಂದರು.

ಒಬ್ಬ ಜ್ಯಾಕ್ ಪಾರ್ಸನ್ಸ್. ಸಿಡಿಮದ್ದಿನ ಕಂಪನಿಯಲ್ಲಿ ಕೆಲಸ ಮಾಡಿ ರಸಾಯನಶಾಸ್ತ್ರವನ್ನು ಕೈಯಿಂದಲೇ ಕಲಿತವನು. ಇನ್ನೊಬ್ಬ ಎಡ್ ಫೋರ್ಮನ್, ಲೋಹದ ಕೆಲಸದಲ್ಲಿ ನುರಿತವನು. ಶಾಲೆಯ ದಿನಗಳಿಂದ ಇಬ್ಬರೂ ಹಿತ್ತಲಲ್ಲಿ ಮದ್ದಿನ ರಾಕೆಟ್ ಹಾರಿಸಿ ಬೆಳೆದವರು. ಇಬ್ಬರ ಬಳಿಯೂ ಪದವಿ ಇರಲಿಲ್ಲ. ಮಲೈನಾಗೆ ಗಣಿತ ಗೊತ್ತು, ಪಾರ್ಸನ್ಸ್‌ಗೆ ಮದ್ದು ಗೊತ್ತು, ಫೋರ್ಮನ್‌ಗೆ ಲೇತ್ ಗೊತ್ತು. ಮೂವರೂ ಸೇರಿದಾಗ ತಂಡವಾಯಿತು. ಮುಂದೆ ಅಪೊಲೊ ಸ್ಮಿತ್ ಸೇರಿದ. ಚೀನಾದಿಂದ ಓದಲು ಬಂದಿದ್ದ ಚಿಯೆನ್ ಶ್ಯುಯೆಸೆನ್ ಸೇರಿದ. ವೆಲ್ಡ್ ಅರ್ನಾಲ್ಡ್ ಸೇರಿದ.

ಆಗ ರಾಕೆಟ್ ಎಂದರೆ ಪತ್ರಿಕೆಗಳ ಕಾಮಿಕ್ಸ್ ಪುಟದ ಸರಕು. ಡಾಕ್ಟರೇಟ್‌ಗೆ ಇದೇ ವಿಷಯ ಬೇಕೆಂದು ಮಲೈನಾ ಕೇಳಿದಾಗ ಒಬ್ಬ ಪ್ರಾಧ್ಯಾಪಕರು, ವಿಮಾನ ಕಂಪನಿಯಲ್ಲಿ ಕೆಲಸ ಹುಡುಕಿಕೊಳ್ಳುವುದು ಮೇಲು ಎಂದು ಬುದ್ಧಿ ಹೇಳಿದರು. ಅವನು ವಿಭಾಗದ ಮುಖ್ಯಸ್ಥ ಥಿಯೊಡೊರ್ ಫಾನ್ ಕಾರ್ಮನ್ ಅವರ ಬಳಿ ಹೋದ. ಹಂಗರಿಯಲ್ಲಿ ಹುಟ್ಟಿದ ಕಾರ್ಮನ್ ಆ ಕಾಲದ ವಾಯುಗತಿ ವಿಜ್ಞಾನದ ದೊಡ್ಡ ಹೆಸರು. ಅವರು ಒಪ್ಪಿದರು. ಪದವಿ ಇಲ್ಲದ ಇಬ್ಬರು ಹೊರಗಿನವರೂ ಕಾಲೇಜಿನ ಹೆಸರಿನಲ್ಲಿ ಕೆಲಸ ಮಾಡಲಿ ಎಂದರು. ದುಡ್ಡು ಮಾತ್ರ ಇಲ್ಲ.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಒಪ್ಪಿಗೆ. ಒಬ್ಬ ಹಿರಿಯ ವಿಜ್ಞಾನಿ ತನ್ನ ಹೆಸರನ್ನು ಹುಡುಗರ ಹುಚ್ಚಿಗೆ ಅಡವಿಟ್ಟ.

> 100 ವರ್ಷದ ಹಿಂದಿನ ಎರಡೂವರೆ ಸೆಕೆಂಡು
>
> 1926ರ ಮಾರ್ಚ್ 16. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಬರ್ನ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಗಾಡರ್ಡ್ ಜಗತ್ತಿನ ಮೊದಲ ದ್ರವ ಇಂಧನ ರಾಕೆಟ್ ಹಾರಿಸಿದರು.
>
> ಇಂಧನ ಪೆಟ್ರೋಲ್, ಜೊತೆಗೆ ದ್ರವ ಆಮ್ಲಜನಕ. ಏರಿದ ಎತ್ತರ 41 ಅಡಿ, ಬಿದ್ದ ದೂರ 184 ಅಡಿ, ಹಾರಾಟದ ಅವಧಿ ಎರಡೂವರೆ ಸೆಕೆಂಡು.

ಬೆಂಕಿಯನ್ನು ಹಿಡಿದಿಡುವ ವಿದ್ಯೆ

ದೀಪಾವಳಿಯ ರಾಕೆಟ್ಟಿನಲ್ಲಿರುವುದು ಘನ ಇಂಧನ. ಒಮ್ಮೆ ಹೊತ್ತಿದರೆ ಮುಗಿಯುವವರೆಗೆ ಉರಿಯುತ್ತದೆ, ನಿಲ್ಲಿಸುವಂತಿಲ್ಲ. ದ್ರವ ಇಂಧನದ ಎಂಜಿನ್ನನ್ನು ಕವಾಟ ತಿರುಗಿಸಿ ನಿಲ್ಲಿಸಬಹುದು. ಅದಕ್ಕೆಂದೇ ರೂಪಿಸಿದ್ದರೆ ಮತ್ತೆ ಹಚ್ಚಬಹುದು, ಉರಿಯನ್ನು ಏರಿಸಿ ಇಳಿಸಬಹುದು. ಒಂದೊಂದು ಕಿಲೋ ಇಂಧನದಿಂದ ಹೆಚ್ಚು ನೂಕುಬಲವೂ ಸಿಗುತ್ತದೆ.

ಸೀಮೆಎಣ್ಣೆಯ ಪಂಪ್ ಸ್ಟೌ ಹಚ್ಚಿದ ಕೈಗೆ ಇದರ ಅರ್ಧ ಗುಟ್ಟು ಗೊತ್ತು. ಟ್ಯಾಂಕಿಗೆ ಗಾಳಿ ಒತ್ತಿದರೆ ಎಣ್ಣೆ ಸಣ್ಣ ರಂಧ್ರದಿಂದ ಚಿಮ್ಮಿ ಭುಗಿಲೆನ್ನುತ್ತದೆ. ಸ್ಟೌ ಸುತ್ತಲಿನ ಗಾಳಿಯಿಂದ ಆಮ್ಲಜನಕ ಪಡೆಯುತ್ತದೆ. ಗಾಳಿಯೇ ಇಲ್ಲದ ಎತ್ತರಕ್ಕೆ ಹೋಗುವ ರಾಕೆಟ್ ತನ್ನ ಆಮ್ಲಜನಕವನ್ನೂ ಹೊತ್ತುಕೊಂಡೇ ಹೋಗಬೇಕು. ಹಾಗಾಗಿ ಎರಡು ಟ್ಯಾಂಕು, ಎರಡು ಪೈಪು, ಎರಡು ಕವಾಟ.

ಕಷ್ಟ ಶುರುವಾಗುವುದು ಎರಡೂ ಸೇರುವ ಜಾಗದಲ್ಲಿ. ದಹನ ಕೋಣೆಯೊಳಗೆ ಎರಡೂ ಹನಿಹನಿಯಾಗಿ ಚಿಮ್ಮಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬೆರೆತು ಉರಿಯಬೇಕು. ಹೊತ್ತುವುದು ಕೊಂಚ ತಡವಾದರೂ ಉರಿಯದ ಇಂಧನ ಒಳಗೆ ಶೇಖರವಾಗುತ್ತದೆ. ಆಮೇಲೆ ಒಟ್ಟಿಗೆ ಹೊತ್ತಿದರೆ ಎಂಜಿನ್ನೇ ಬಾಂಬು. ಸರಿಯಾಗಿ ಹೊತ್ತಿದರೆ ಒಳಗಿನ ಶಾಖ ಉಕ್ಕನ್ನು ಕರಗಿಸುವಷ್ಟು. ಕೋಣೆಯ ಗೋಡೆಯನ್ನು ಒಂದೇ ಸಮನೆ ತಂಪಾಗಿಡಬೇಕು. ಆ ಬಿಸಿ ಅನಿಲ ಕಿರಿದಾದ ಕೊರಳಿನ ನಳಿಕೆಯಿಂದ ಶಬ್ದದ ವೇಗವನ್ನೂ ಮೀರಿ ಹೊರನುಗ್ಗಿದಾಗ ಎಂಜಿನ್ ಎದುರು ದಿಕ್ಕಿಗೆ ನೂಕುತ್ತದೆ.

ಪಾರ್ಸನ್ಸ್, ಫೋರ್ಮನ್ ಇಬ್ಬರಿಗೂ ಬೇಗ ಏನಾದರೂ ಹಾರಿಸುವ ಆತುರ. ಮಲೈನಾ ಒಪ್ಪಲಿಲ್ಲ. ಎಂಜಿನ್ ಎಷ್ಟು ನೂಕುತ್ತದೆ, ಎಷ್ಟು ಇಂಧನ ತಿನ್ನುತ್ತದೆ, ಎಷ್ಟು ಹೊತ್ತು ತಾಳುತ್ತದೆ ಎಂಬ ಮೂರು ಲೆಕ್ಕ ಕೈಗೆ ಸಿಗದೆ ರಾಕೆಟ್ ಕಟ್ಟುವುದು ದಂಡ ಎಂದು ಪಟ್ಟು ಹಿಡಿದ. ಮೇಲಿನ ವಾತಾವರಣವನ್ನು ಅಳೆಯುವ ರಾಕೆಟ್ ಅವರ ಕನಸಾಗಿತ್ತು. ಆ ಕನಸಿಗಾಗಿಯೇ ಎಂಜಿನ್ನನ್ನು ನೆಲಕ್ಕೆ ಕಟ್ಟಿಹಾಕಿದರು.

ಹಟ ಫಲ ಕೊಟ್ಟಿತು. ಅದೇ ಒಣಹೊಳೆಯಲ್ಲಿ 1937ರ ಜನವರಿ 16ರಂದು ಎಂಜಿನ್ 44 ಸೆಕೆಂಡು ಉರಿಯಿತು. ಗಾಡರ್ಡ್ ಅವರ ಮೊದಲ ರಾಕೆಟ್ ಗಾಳಿಯಲ್ಲಿದ್ದದ್ದು ಎರಡೂವರೆ ಸೆಕೆಂಡು ಎಂಬುದನ್ನು ನೆನೆದರೆ ಆ 44ರ ತೂಕ ತಿಳಿಯುತ್ತದೆ. ಕಾರ್ಮನ್ ಅವರಿಗೆ ನಂಬಿಕೆ ಬಂತು. ಕಾಲೇಜಿನ ಒಳಗೇ ಪ್ರಯೋಗ ಮಾಡಲು ಜಾಗ ಸಿಕ್ಕಿತು.

ತುಕ್ಕು ಹಿಡಿದ ಪ್ರಯೋಗಾಲಯ

ಹಣಕ್ಕಾಗಿ ಅವರು ಮಾಡದ ಪಾಡಿಲ್ಲ. ಮಲೈನಾ ಮತ್ತು ಪಾರ್ಸನ್ಸ್ ಸೇರಿ ಹಾಲಿವುಡ್‌ಗೆ ಮಾರಬಹುದೆಂದು ಸಿನಿಮಾ ಕಥೆಯೊಂದನ್ನೂ ಬರೆಯಲು ಕೂತರು. ಕೊನೆಗೆ ವೆಲ್ಡ್ ಅರ್ನಾಲ್ಡ್, ತಾನು 1,000 ಡಾಲರ್ ಕೊಡುವುದಾಗಿ ಹೇಳಿದ. ಮೊದಲ ಕಂತು ಬಂದದ್ದು ಹಳೆಯ ಪೇಪರಿನಲ್ಲಿ ಸುತ್ತಿದ ಒಂದು, ಐದು ಡಾಲರಿನ ನೋಟುಗಳ ಕಟ್ಟಾಗಿ. ಆ ದುಡ್ಡು ಅವನಿಗೆಲ್ಲಿಂದ ಬಂತೆಂದು ಗೆಳೆಯರಿಗೆ ಕೊನೆಗೂ ತಿಳಿಯಲಿಲ್ಲ.

ಕಟ್ಟಡದ ಒಳಗಿನ ಪ್ರಯೋಗ ಹೆಚ್ಚು ದಿನ ನಡೆಯಲಿಲ್ಲ. ಉದ್ದನೆಯ ಲೋಲಕದ ತುದಿಗೆ ಎಂಜಿನ್ ತೂಗುಹಾಕಿ, ಅದು ತೂಗಿದಷ್ಟರಿಂದ ನೂಕುಬಲ ಲೆಕ್ಕ ಹಾಕುವ ಉಪಾಯ ಅವರದು. ಈ ಸಲ ಆಲ್ಕೊಹಾಲ್ ಜೊತೆಗೆ ನೈಟ್ರೋಜನ್ ಡೈಆಕ್ಸೈಡ್. ಎಂಜಿನ್ ಹೊತ್ತಲಿಲ್ಲ. ವಿಷಗಾಳಿ ಕಟ್ಟಡದ ತುಂಬ ಹರಡಿತು. ಮರುದಿನ ನೋಡಿದರೆ ಪ್ರಯೋಗಾಲಯದ ನುಣುಪಾದ ಉಪಕರಣಗಳಿಗೆಲ್ಲ ತುಕ್ಕು. ತಂಡವನ್ನು ಸಾಮಾನು ಸಮೇತ ಹೊರಗೆ ಕಳಿಸಿದರು. ಸಹಪಾಠಿಗಳು ಇಟ್ಟ ಹೆಸರು 'ಆತ್ಮಹತ್ಯಾ ದಳ'.

ಆ ಹೆಸರು ನಿಜವಾಗುವುದರಲ್ಲಿತ್ತು. 1939ರಲ್ಲಿ ಒಮ್ಮೆ ಕಾರ್ಮನ್ ಅವರ ಮನೆಗೆ ಟೈಪ್‌ರೈಟರ್ ತಲುಪಿಸಲು ಮಲೈನಾ ಪ್ರಯೋಗ ಬಿಟ್ಟು ಎದ್ದುಹೋದ. ಅಷ್ಟರಲ್ಲಿ ಉಪಕರಣ ಸಿಡಿಯಿತು. ಮೀಟರಿನ ಚೂರೊಂದು ಅವನು ಕೂತಿದ್ದ ಜಾಗದಲ್ಲಿ ಸರಿಯಾಗಿ ತಲೆಯ ಮಟ್ಟದಲ್ಲಿ ಹಾದುಹೋಗಿತ್ತು.

ಇಷ್ಟಾದರೂ ಕಾರ್ಮನ್ ಕೈಬಿಡಲಿಲ್ಲ. ಕಟ್ಟಡದಿಂದ ಹೊರಗೆ ಹಾಕಿದ್ದು ನಿಜ, ತಂಡವನ್ನು ಮುಚ್ಚಲಿಲ್ಲ.

ಗಾಡರ್ಡ್ ಅವರಿಗೂ ಈ ಹುಡುಗರಿಗೂ ಇದ್ದ ಒಂದು ವ್ಯತ್ಯಾಸವೂ ಇಲ್ಲಿ ಕಾಣುತ್ತದೆ. 1936ರ ಆಗಸ್ಟ್‌ನಲ್ಲಿ ಮಲೈನಾ ನ್ಯೂ ಮೆಕ್ಸಿಕೊದ ರಾಸ್ವೆಲ್‌ಗೆ ಹೋಗಿ ಗಾಡರ್ಡ್ ಅವರನ್ನು ಕಂಡಿದ್ದ. ಅವರು ಸೌಜನ್ಯದಿಂದಲೇ ಬರಮಾಡಿಕೊಂಡರು, ಆದರೆ ಎಂಜಿನ್ನಿನ ವಿವರ ಬಿಟ್ಟುಕೊಡಲಿಲ್ಲ. ಪತ್ರಿಕೆಗಳ ಗೇಲಿಯಿಂದ ನೊಂದಿದ್ದ ಅವರು ಒಂಟಿಯಾಗಿ, ಗುಟ್ಟಾಗಿ ದುಡಿಯುತ್ತಿದ್ದರು. ಹುಡುಗರು ಬೇರೆ ದಾರಿ ಹಿಡಿದರು. ರಾಕೆಟ್ ಹಾರಾಟದ ಲೆಕ್ಕಾಚಾರ ಕುರಿತು ಮಲೈನಾ ಮತ್ತು ಸ್ಮಿತ್ ಬರೆದ ಪ್ರಬಂಧ 1938ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಕಲಿತದ್ದನ್ನು ಹಂಚಿಕೊಂಡವರ ಸುತ್ತ ಜೆಪಿಎಲ್ ಎಂಬ ಸಂಸ್ಥೆ ಬೆಳೆಯಿತು.

ಕನಸು ಏರಿದ ಎತ್ತರ

1939ರಲ್ಲಿ ಸರ್ಕಾರದ ಹಣ ಬಂತು. ಭಾರದ ವಿಮಾನಗಳು ಸಣ್ಣ ರನ್‌ವೇಯಿಂದ ಮೇಲೇರಲು ರಾಕೆಟ್ ನೆರವಾದೀತೇ ಎಂಬುದು ಸೇನೆಯ ಪ್ರಶ್ನೆ. ಆಲ್ಕೊಹಾಲ್ ಹೋಗಿ ಪೆಟ್ರೋಲ್ ಬಂತು, ಜೊತೆಗೆ ಕೆಂಪು ಹೊಗೆಯಾಡುವ ನೈಟ್ರಿಕ್ ಆಮ್ಲ. ಆದರೆ ಎಂಜಿನ್ ಸಮನಾಗಿ ಉರಿಯದೆ ದಡದಡ ಬಡಿದುಕೊಂಡು ಸಿಡಿಯತೊಡಗಿತು.

1942ರ ಫೆಬ್ರುವರಿಯಲ್ಲಿ ಮಲೈನಾ ನೌಕಾಪಡೆಯ ತಂಡವೊಂದನ್ನು ಕಾಣಲು ಅನಾಪೊಲಿಸ್‌ಗೆ ಹೋದಾಗ ಪರಿಹಾರದ ಎಳೆ ಸಿಕ್ಕಿತು. ಅನಿಲೀನ್ ಎಂಬ ದ್ರವ ನೈಟ್ರಿಕ್ ಆಮ್ಲವನ್ನು ಮುಟ್ಟಿದ ಕ್ಷಣವೇ ತಾನಾಗಿ ಹೊತ್ತಿಕೊಳ್ಳುತ್ತದೆ, ಕಿಡಿಯೇ ಬೇಡ. ಪೆಟ್ರೋಲ್ ಬಿಟ್ಟು ಅನಿಲೀನ್ ಹಾಕಿ ಎಂದು ಪಸಡೀನಾದಲ್ಲಿದ್ದ ಗೆಳೆಯ ಮಾರ್ಟಿನ್ ಸಮರ್‌ಫೀಲ್ಡ್‌ಗೆ ತಂತಿ ಕಳಿಸಿದ. ಬಡಿತ ನಿಂತಿತು. ಅದೇ ಏಪ್ರಿಲ್‌ನಲ್ಲಿ ಡಗ್ಲಸ್ ಎ-20 ಯುದ್ಧವಿಮಾನ ಆ ಎಂಜಿನ್ನುಗಳ ನೂಕಿನಿಂದ ಮೇಲೇರಿತು.

ವಿದ್ಯಾರ್ಥಿ ದೆಸೆಯ ಕನಸು ಕೈಗೂಡಿದ್ದು 1945ರ ಅಕ್ಟೋಬರ್ 11ರಂದು. ಅವರ ಡಬ್ಲ್ಯುಎಸಿ ಕಾರ್ಪೊರಲ್ ರಾಕೆಟ್ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಿಂದ ಹೊರಟು ಸುಮಾರು 70 ಕಿ.ಮೀ. ಎತ್ತರ ಮುಟ್ಟಿತು. 1949ರ ಫೆಬ್ರುವರಿಯಲ್ಲಿ ಜರ್ಮನಿಯ ವಿ-2 ರಾಕೆಟ್ಟಿನ ನೆತ್ತಿಯ ಮೇಲೆ ಕೂತು ಹೊರಟ ಕಾರ್ಪೊರಲ್ ಸುಮಾರು 390 ಕಿ.ಮೀ. ಏರಿತು. 1958ರ ಜನವರಿ 31ರಂದು ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಕಕ್ಷೆ ಸೇರಿತು. ಅದನ್ನು ಕಟ್ಟಿದ್ದು ಜೆಪಿಎಲ್.

ಈ ಏರಿಕೆಗೆ ನೋವಿನ ಮಗ್ಗುಲೂ ಇದೆ. ವಾತಾವರಣ ಅಳೆಯಲು ಹೊರಟವರ ವಿದ್ಯೆ ಕ್ಷಿಪಣಿಗಳಿಗೆ ಹೋಯಿತು. ಅದು ಮಲೈನಾಗೆ ಒಗ್ಗಲಿಲ್ಲ. ತಾನೇ ಕಟ್ಟಿದ ಸಂಸ್ಥೆ ಬಿಟ್ಟು ಅವನು ಯುನೆಸ್ಕೊ ಸೇರಿದ.

> ಯಾರು ಎಲ್ಲಿಗೆ ಹೋದರು?
>
> ಫ್ರಾಂಕ್ ಮಲೈನಾ: 1947ರಲ್ಲಿ ಪ್ಯಾರಿಸ್ಸಿನ ಯುನೆಸ್ಕೊಗೆ. ಆಮೇಲೆ ಚಲನಶಿಲ್ಪ ಕಲಾವಿದ. 1968ರಲ್ಲಿ ಕಲೆ ಮತ್ತು ವಿಜ್ಞಾನವನ್ನು ಬೆಸೆಯುವ 'ಲಿಯೊನಾರ್ಡೊ' ಪತ್ರಿಕೆಯ ಸ್ಥಾಪಕ. 1981ರಲ್ಲಿ ನಿಧನ.
>
> ಜ್ಯಾಕ್ ಪಾರ್ಸನ್ಸ್: 1952ರ ಜೂನ್‌ನಲ್ಲಿ ಮನೆಯ ಪ್ರಯೋಗಾಲಯದ ಸ್ಫೋಟದಲ್ಲಿ ಸಾವು. ಚಂದ್ರನ ಆಚೆ ಮಗ್ಗುಲಿನ ಒಂದು ಕುಳಿಗೆ ಅವನ ಹೆಸರಿದೆ.
>
> ಚಿಯೆನ್ ಶ್ಯುಯೆಸೆನ್: ಕಮ್ಯುನಿಸ್ಟ್ ಎಂಬ ಶಂಕೆಯಿಂದ ಅಮೆರಿಕದಲ್ಲಿ ಐದು ವರ್ಷ ನಿರ್ಬಂಧ. 1955ರಲ್ಲಿ ಚೀನಾಕ್ಕೆ ಮರಳಿ ಅಲ್ಲಿನ ರಾಕೆಟ್ ಕಾರ್ಯಕ್ರಮದ ಪಿತಾಮಹರಾದರು. ತೀರಿಕೊಂಡದ್ದು 2009ರ ಅಕ್ಟೋಬರ್ 31ರಂದು.
>
> ಅಪೊಲೊ ಸ್ಮಿತ್: ಡಗ್ಲಸ್ ವಿಮಾನ ಕಂಪನಿಯ ಹೆಸರಾಂತ ವಾಯುಗತಿ ತಜ್ಞ.

ಬೆಂಗಳೂರಿಗೆ ಬಂದ ಕವಲು

ಕಾರ್ಮನ್ ಬೆಳೆಸಿದ ಕ್ಯಾಲ್‌ಟೆಕ್‌ನ ಅದೇ ವಿಮಾನ ವಿಜ್ಞಾನ ವಿಭಾಗದಲ್ಲಿ 1940ರ ದಶಕದ ಕೊನೆಗೆ ಭಾರತದ ಯುವಕರೊಬ್ಬರು ಓದುತ್ತಿದ್ದರು. ಹೆಸರು ಸತೀಶ್ ಧವನ್. ಹಾನ್ಸ್ ಲೀಪ್‌ಮನ್ ಅವರ ಮಾರ್ಗದರ್ಶನದಲ್ಲಿ 1951ರಲ್ಲಿ ಡಾಕ್ಟರೇಟ್ ಪಡೆದು, ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ನಮ್ಮ ಜನರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ಶಬ್ದಾತೀತ ವೇಗದ ಗಾಳಿಸುರಂಗ ಕಟ್ಟಿದರು, ಮುಂದೆ ಸಂಸ್ಥೆಯ ನಿರ್ದೇಶಕರಾದರು.

1972ರಲ್ಲಿ ಇಸ್ರೊದ ಹೊಣೆ ಹೊರುವಂತೆ ಇಂದಿರಾ ಗಾಂಧಿ ಕೇಳಿದಾಗ ಧವನ್ ಎರಡು ಷರತ್ತು ಇಟ್ಟರು. ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನ ಬಿಡುವುದಿಲ್ಲ. ಇಸ್ರೊದ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು. ಎರಡಕ್ಕೂ ಒಪ್ಪಿಗೆ ಸಿಕ್ಕಿತು. ರಾಕೆಟ್ ಕಟ್ಟುವ ಕೆಲಸ ವಿದ್ಯಾಸಂಸ್ಥೆಯಿಂದ ದೂರವಾಗಬಾರದೆಂಬ ಅರಿವು ಆ ಷರತ್ತುಗಳಲ್ಲಿದೆ ಎಂದು ನಾನು ನಂಬುತ್ತೇನೆ.

ಪರೀಕ್ಷೆಯ ದಿನವೂ ಬಂತು. 1979ರ ಆಗಸ್ಟ್ 10ರಂದು ನಮ್ಮ ಮೊದಲ ಉಪಗ್ರಹ ವಾಹಕ ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿತ್ತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಕವಾಟವೊಂದು ಸಿಕ್ಕಿಕೊಂಡು ನೈಟ್ರಿಕ್ ಆಮ್ಲ ಸೋರಿಹೋಗಿತ್ತು. ಮಲೈನಾ ತಂಡವನ್ನು ಕಾಡಿದ್ದ ಅದೇ ಕೆಂಪು ಹೊಗೆಯ ಆಮ್ಲ. ಪತ್ರಕರ್ತರ ಮುಂದೆ ಧವನ್ ತಾವೇ ಕೂತು ಸೋಲಿನ ಹೊಣೆ ಹೊತ್ತರು. ಮರುವರ್ಷ ಜುಲೈ 18ರಂದು ರಾಕೆಟ್ ಗೆದ್ದಾಗ ಯೋಜನೆಯ ನಾಯಕ ಅಬ್ದುಲ್ ಕಲಾಂ ಅವರನ್ನು ಮುಂದೆ ಕಳಿಸಿದರು.

ಕ್ಯಾಲ್‌ಟೆಕ್‌ನ ಉಪಕರಣಗಳಿಗೆ ತುಕ್ಕು ಹಿಡಿಸಿದ ಆ ರಾಸಾಯನಿಕದ ಕಥೆಯೂ ಇಲ್ಲಿಗೆ ಬರುತ್ತದೆ. ಅದರ ಜೋಡಿರೂಪವಾದ ನೈಟ್ರೋಜನ್ ಟೆಟ್ರಾಕ್ಸೈಡ್ ಇಂದು ಪಿಎಸ್‌ಎಲ್‌ವಿಯ ಎರಡನೆಯ ಹಂತದಲ್ಲಿ, ವಿಕಾಸ್ ಎಂಜಿನ್ನಿನೊಳಗೆ, ಇಂಧನವನ್ನು ಉರಿಸುತ್ತಿದೆ. ಚಂದ್ರಯಾನವೂ ಮಂಗಳಯಾನವೂ ಹೊರಟಾಗ ಆ ಎಂಜಿನ್ ತನ್ನ ಪಾಲಿನ ನೂಕು ಕೊಟ್ಟಿದೆ.

> ಇಂದಿನ ಹುಡುಗರ ರಾಕೆಟ್ಟುಗಳು
>
> 2016: ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ 'ವಲ್ಕನ್-1' ಉಡಾವಣೆ. ಅದರ ಲೋಹದ ಎಂಜಿನ್ ತಯಾರಾದದ್ದು 3ಡಿ ಮುದ್ರಣದಲ್ಲಿ.
>
> 2019: ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಘನ ಇಂಧನ ರಾಕೆಟ್ 'ಟ್ರಾವೆಲರ್-4' 100 ಕಿ.ಮೀ. ಗಡಿ ದಾಟಿತು.
>
> 2025: ಕೆನಡಾದ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ತಂಡ ಸುಮಾರು 13 ಮೀಟರ್ ಉದ್ದದ ದ್ರವ ಇಂಧನ ರಾಕೆಟ್ 'ಸ್ಟಾರ್‌ಸೇಲರ್' ಅನ್ನು ಉತ್ತರ ಕ್ವಿಬೆಕ್‌ನಿಂದ ಹಾರಿಸಿತು. ಹಾರಾಟದ ನಡುವೆ ಅದು ಮುರಿದುಬಿತ್ತು.

ನಮ್ಮ ಕಾಲೇಜುಗಳಿಗೊಂದು ಮಾತು

ನಮ್ಮ ಮಕ್ಕಳಿಗೆ ಇದು ಆಗದ ಕೆಲಸವೇನಲ್ಲ. ಬೆಂಗಳೂರು ಮತ್ತು ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ ಕಟ್ಟಿದ ಒಂದು ಕಿಲೋಗಿಂತಲೂ ಹಗುರದ 'ಸ್ಟಡ್‌ಸ್ಯಾಟ್' ಉಪಗ್ರಹ 2010ರ ಜುಲೈ 12ರಂದು ಪಿಎಸ್‌ಎಲ್‌ವಿ ಏರಿ ಕಕ್ಷೆ ಸೇರಿತು. ಅದಕ್ಕೆ ಇಸ್ರೊ ಬಾಗಿಲು ತೆರೆದಿತ್ತು, ಮೇಷ್ಟ್ರುಗಳು ಬೆನ್ನಿಗಿದ್ದರು.

ಇಷ್ಟೆಲ್ಲ ಇರುವ ಬೆಂಗಳೂರಿನಲ್ಲಿ ಅಂತಿಮ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಸಿದ್ಧವಾಗಿ ಕೊಂಡು ತಂದು ಒಪ್ಪಿಸುವ ರೂಢಿಯೂ ಬೆಳೆದಿರುವುದು ಸಂಕಟದ ಸಂಗತಿ. ತಪ್ಪು ಮಕ್ಕಳದು ಮಾತ್ರವಲ್ಲ. ಕೆಲಸ ಮಾಡದ ಯಂತ್ರವನ್ನು ತಂದು, ಏಕೆ ಮಾಡಲಿಲ್ಲವೆಂದು ಲೆಕ್ಕ ಸಮೇತ ವಿವರಿಸುವ ವಿದ್ಯಾರ್ಥಿಗೆ ನಮ್ಮಲ್ಲಿ ಅಂಕ ಸಿಗುವುದಿಲ್ಲ. ಅರೊಯೊ ಸೆಕೊದ ಮೊದಲ ಪರೀಕ್ಷೆಯನ್ನು ನಮ್ಮ ಪರೀಕ್ಷಕರು ನೋಡಿದ್ದರೆ ಫೇಲು ಮಾಡಿ ಕಳಿಸುತ್ತಿದ್ದರು.

ರಾಕೆಟ್ ಎಂಜಿನ್ ಮನೆಯಲ್ಲೋ ಹಾಸ್ಟೆಲಿನಲ್ಲೋ ಮಾಡುವ ಪ್ರಯೋಗವಲ್ಲ. ಪಾರ್ಸನ್ಸ್ ಸತ್ತದ್ದು ಮನೆಯಲ್ಲಿ. ಆ ಕಾರಣಕ್ಕೇ ಸುರಕ್ಷಿತ ಜಾಗ ಬೇಕು. ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಹವ್ಯಾಸಿ ಸಂಘಗಳು ನಡೆಸುವ ಪರೀಕ್ಷಾ ಮೈದಾನಗಳಿವೆ. ವಿದ್ಯಾರ್ಥಿ ತಂಡಗಳು ಅಲ್ಲಿಗೆ ಬಂದು ಕಾಂಕ್ರೀಟ್ ಗೋಡೆಯ ಮರೆಯಲ್ಲಿ ನಿಂತು ಎಂಜಿನ್ ಹಚ್ಚುತ್ತವೆ. ಚಿತ್ರದುರ್ಗದ ಚಳ್ಳಕೆರೆಯಲ್ಲಿ ವಿಜ್ಞಾನ ಸಂಸ್ಥೆಗೆ ದೊಡ್ಡ ಆವರಣವಿದೆ, ಡಿಆರ್‌ಡಿಒದ ಪರೀಕ್ಷಾ ಕೇಂದ್ರವಿದೆ. ಇಸ್ರೊದ ಮರುಬಳಕೆ ವಾಹನ ತಾನಾಗಿ ನೆಲಕ್ಕಿಳಿದದ್ದು ಅಲ್ಲೇ. ಹೊಸ ಜಮೀನು ಬೇಡ. ಅಲ್ಲಿನ ಅಮೃತಮಹಲ್ ಕಾವಲು ಈಗಾಗಲೇ ಸಾಕಷ್ಟು ಹುಲ್ಲುಗಾವಲು ಕಳೆದುಕೊಂಡಿದೆ. ಇರುವ ಆವರಣದ ಒಂದು ಮೂಲೆ, ಗಟ್ಟಿಯಾದ ಒಂದು ಟೆಸ್ಟ್ ಸ್ಟ್ಯಾಂಡ್, ದಪ್ಪ ಗೋಡೆ, ಅನುಭವವಿರುವ ಒಬ್ಬ ಸುರಕ್ಷಾ ಅಧಿಕಾರಿ ಸಾಕು. ರಾಜ್ಯದ ಯಾವುದೇ ಕಾಲೇಜಿನ ತಂಡ ತನ್ನ ಲೆಕ್ಕವನ್ನು ತಜ್ಞರ ಮುಂದೆ ಒಪ್ಪಿಸಿ, ಪಾಸಾದರೆ ಅಲ್ಲಿಗೆ ಬಂದು ಪರೀಕ್ಷೆ ಮಾಡುವಂತಾಗಲಿ.

ರಾಜ್ಯ ಸರ್ಕಾರ, ವಿಜ್ಞಾನ ಸಂಸ್ಥೆ, ಇಸ್ರೊ ಮೂರೂ ಒಂದೇ ಮೇಜಿನ ಸುತ್ತ ಕೂತರೆ ಇದು ದೊಡ್ಡ ಖರ್ಚಿನ ಮಾತಲ್ಲ. ಅಷ್ಟರವರೆಗೆ, ಮೇಷ್ಟ್ರುಗಳೇ, ನಿಮ್ಮ ಬಾಗಿಲಿಗೆ ಯಾವನೋ ಹುಡುಗನೋ ಹುಡುಗಿಯೋ ಅಸಾಧ್ಯವೆನಿಸುವ ಆಸೆ ಹೊತ್ತು ಬಂದರೆ ಬೇರೆ ಕೆಲಸ ನೋಡಿಕೊ ಎಂದು ಕಳಿಸಬೇಡಿ. ಲೆಕ್ಕ ತೋರಿಸು ಎನ್ನಿ. ಲೆಕ್ಕ ಸರಿ ಇದ್ದರೆ ಹೂಂ ಎನ್ನಿ.